ಕೆಲಸ ಹಂಚುವ ಆ ಐದು ನಿಮಿಷ

ಮಾನ್ಯ ಕೇಳುಗರೇ, ನಮಸ್ಕಾರ.

ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಂತು ಮೇಸ್ತ್ರಿಯು ಆಳುಗಳಿಗೆ ಕೆಲಸ ಹಂಚುತ್ತಾನಲ್ಲ, ಅಂಗವಿಕಲ ಕಾರ್ಮಿಕರಿಗೆ ಆಗುವ ಅನ್ಯಾಯ ಬಹುಮಟ್ಟಿಗೆ ಆ ಐದು ನಿಮಿಷಗಳಲ್ಲಿಯೇ ನಡೆದುಹೋಗಿರುತ್ತದೆ. ಅಲ್ಲಿ ಬೈಗುಳವೇನೂ ಇರುವುದಿಲ್ಲ. ‘ಪಾಪ, ಅವನ ಕೈಲಿ ಎಲ್ಲಿ ಆಗುತ್ತೆ’ ಎಂಬ ಕನಿಕರದ ಮಾತೊಂದು ಬರುತ್ತದೆ, ಅಂದಿನ ಕೂಲಿ ತಪ್ಪುತ್ತದೆ. ಆಗುತ್ತದೆಯೋ ಇಲ್ಲವೋ ಎಂದು ಅವನನ್ನೇ ಕೇಳಿದವರು ಯಾರೂ ಇಲ್ಲ.

ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೆಯ ವಿಧಿಯು ಇತರರಿಗೆ ಸಮಾನವಾಗಿ ದುಡಿಯುವ ಹಕ್ಕನ್ನು ಮಾನ್ಯ ಮಾಡಿದೆ. ಮಿತಿಮೀರಿದ ಹೊರೆಯಾಗದಂತಹ ಸೂಕ್ತ ಅನುಕೂಲವನ್ನು ಕಲ್ಪಿಸಿಕೊಡಲು ನಿರಾಕರಿಸುವುದೂ ತಾರತಮ್ಯವೇ ಎಂದು 2ನೆಯ ವಿಧಿ ಹೇಳುತ್ತದೆ. ಹೊಲದ ಮಟ್ಟಿಗೆ ಈ ಎರಡನೆಯ ಮಾತೇ ಹೆಚ್ಚು ಮುಖ್ಯವೆಂದು ನನ್ನ ಭಾವನೆ.

ಅನುಕೂಲ ಎಂದೊಡನೆ ಮಾಲೀಕರು ಖರ್ಚಿನ ಲೆಕ್ಕ ಹಾಕತೊಡಗುತ್ತಾರೆ. ಹಣ್ಣು ವಿಂಗಡಿಸುವ ಮೇಜನ್ನೇ ನೋಡಿ. ಅಲ್ಲಿ ಬೇಕಾದದ್ದು ಕಣ್ಣು ಮತ್ತು ಬೆರಳುಗಳ ಚುರುಕು. ಆದರೂ ಎಲ್ಲರೂ ನಿಂತೇ ದುಡಿಯುವ ರೂಢಿ ಇರುವುದರಿಂದ, ಕಾಲಿನಲ್ಲಿ ಬಲವಿಲ್ಲದ ಹೆಂಗಸು ಮಧ್ಯಾಹ್ನದೊಳಗೆ ಸೋತು, ಕೆಲಸದಲ್ಲಿ ನಿಧಾನ ಎಂಬ ಹೆಸರು ಹೊತ್ತುಕೊಳ್ಳುತ್ತಾಳೆ. ಎತ್ತರದ ಒಂದು ಸ್ಟೂಲು ಹಾಕಿಸಿ, ತುಂಬಿದ ಕ್ರೇಟನ್ನು ಎತ್ತಿಡುವುದನ್ನು ಪಕ್ಕದವರಿಗೆ ವಹಿಸಿ, ಬದಲಿಗೆ ಅವರ ಪಾಲಿನ ವಿಂಗಡಣೆಯಲ್ಲಿ ಒಂದಿಷ್ಟನ್ನು ಇವಳಿಗೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಕಿವಿ ಕೇಳದವರು ಟ್ರ್ಯಾಕ್ಟರ್ ಓಡಾಡುವ ಕಡೆ ಇರಲೇಬಾರದು ಎನ್ನುವವರಿದ್ದಾರೆ. ಎಂಜಿನ್ ಸದ್ದಿನಲ್ಲಿ ಕಿವಿ ನೆಟ್ಟಗಿರುವವರಿಗೂ ಕೂಗು ಕೇಳಿಸದು. ಕೈಸನ್ನೆ, ಮಿನುಗುವ ದೀಪ ಎಲ್ಲರಿಗೂ ಬೇಕಾದವೇ. ನಿಜವಾಗಿಯೂ ಅಪಾಯವಿರುವ ಕೆಲಸಗಳಿಲ್ಲವೆಂದಲ್ಲ, ಆದರೆ ಅದನ್ನು ಆಯಾ ಕೆಲಸವನ್ನೂ ಆಯಾ ವ್ಯಕ್ತಿಯನ್ನೂ ನೋಡಿ ತೀರ್ಮಾನಿಸಬೇಕೇ ಹೊರತು ದೂರದಿಂದ ಊರುಗೋಲನ್ನು ಕಂಡು ಅಲ್ಲ.

ಇಷ್ಟಕ್ಕೂ ಅಂಗವೈಕಲ್ಯವೆಂಬುದು ಹೊಲಕ್ಕೆ ಹೊರಗಿನಿಂದಷ್ಟೇ ಬರುವುದಿಲ್ಲ. ಗಣಿ ಮತ್ತು ಕಟ್ಟಡ ನಿರ್ಮಾಣದ ಜೊತೆಗೆ ಕೃಷಿಯನ್ನೂ ಅತ್ಯಂತ ಅಪಾಯದ ದುಡಿಮೆಗಳಲ್ಲಿ ಒಂದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಎಣಿಸುತ್ತದೆ. ಕೃಷಿಯಲ್ಲಿನ ಸುರಕ್ಷತೆ ಮತ್ತು ಆರೋಗ್ಯಕ್ಕೆಂದೇ 2001ರಲ್ಲಿ ಅದು ಪ್ರತ್ಯೇಕ ಒಪ್ಪಂದವೊಂದನ್ನು ರೂಪಿಸಿತು. ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವನು ಗಾಯ ಮಾಯ್ದು ಮರಳುವಷ್ಟರಲ್ಲಿ ಅವನ ಜಾಗಕ್ಕೆ ಬೇರೊಬ್ಬ ಬಂದಿರುತ್ತಾನೆ. ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುವ ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು, ಯಾವ ಕೆಲಸ ಹಿಡಿಸುತ್ತದೆ, ಕುಡುಗೋಲಿನ ಹಿಡಿಯನ್ನು ಎಷ್ಟು ದಪ್ಪ ಮಾಡಿದರೆ ಕೈಗೆ ನಿಲ್ಲುತ್ತದೆ ಎಂದು ಕೇಳಿ, ಕೆಲವು ವಾರ ಕಲಿಯಲು ಬಿಡಬೇಕು. ಆ ವಾರಗಳ ಕೂಲಿಯೂ ಉಳಿದವರಷ್ಟೇ ಇರಬೇಕು.

ನಮಸ್ಕಾರ.