ಮನಿ ಫೋಟೊ, ವಿಡಿಯೊ ಇಡ್ಲಿಕ್ಕ ನ್ಯಾಸ್ ತಗೋಳೋ ಮುಂಚೆ

ನಮಸ್ಕಾರ್ರೀ ಎಲ್ಲಾರಿಗೂ. ಗೂಗಲ್ ಫೋಟೋಸ್‌ದಾಗ ಎಷ್ಟರ ಹಾಕ್ರಿ ಫ್ರೀ ಅನ್ನೋದು 2021ರ ಜೂನ್‌ಗೆ ಬಂದ್ ಆತು, ಈಗ ಜಿಮೇಲು, ಡ್ರೈವು, ಫೋಟೊ ಎಲ್ಲಾ ಸೇರಿ 15 ಜಿಬಿ ಅಷ್ಟೇ. ಅದಕ್ಕೇ ರಾಯಚೂರಾಗೂ ಈಗ ಭಾಳ ಮಂದಿ ನ್ಯಾಸ್ ತಗೋಬೇಕು ಅಂತ ಕೇಳ್ತಾರ. ನ್ಯಾಸ್ ಅಂದ್ರ ಏನಿಲ್ರಿ, ರೂಟರ್‌ಗೆ ವೈರ್ ಹಚ್ಚಿ ಇಡೋ ಸಣ್ಣ ಕಂಪ್ಯೂಟರ್ರು, ಒಳಗ ಹಾರ್ಡ್‌ಡಿಸ್ಕ್ ಇರ್ತಾವ, ಮನ್ಯಾಗಿನ ಮೊಬೈಲು ಟಿವಿ ಲ್ಯಾಪ್‌ಟಾಪು ಎಲ್ಲಾದ್ರಾಗೂ ಅದರೊಳಗಿಂದು ನೋಡಬಹುದು.

ಅಂಗಡಿಗೆ ಹೋಗೋ ಮೊದ್ಲು ಮನ್ಯಾಗ ಎಷ್ಟು ಸಾಮಾನು ಅದ ಅಂತ ನೋಡ್ರಿ. ಐಫೋನ್‌ದಾಗ ಒಂದು ನಿಮಿಷ 4ಕೆ ವಿಡಿಯೊ ತೆಗೆದ್ರ ಸೆಟಿಂಗ್ ಮ್ಯಾಗ ಸುಮಾರು 170ರಿಂದ 400 ಎಂಬಿ ಆಗ್ತದ, ಅಂದ್ರ ಒಂದು ತಾಸಿಗೆ 10ರಿಂದ 24 ಜಿಬಿ. ಮದುವಿ ವಿಡಿಯೊದ ಪೆನ್‌ಡ್ರೈವು, ಹಳೇ ಡಿವಿಡಿ, ಕಪಾಟಿನ್ಯಾಗ ಬಿದ್ದಿರೋ ಮೆಮೊರಿ ಕಾರ್ಡು ಎಲ್ಲಾ ಸೇರಿಸ್ರಿ, ಆದ್ರ ಸಿನಿಮಾ ಬ್ಯಾರೆ ಲೆಕ್ಕ ಇಡ್ರಿ, ಸಿನಿಮಾ ಹೋದ್ರ ಮತ್ತ ಸಿಗ್ತದ, ಅಜ್ಜಿ ಮಾತಾಡಿದ ವಿಡಿಯೊ ಎಲ್ಲಿ ಸಿಗ್ತದ್ರಿ? ಮತ್ತ ವಾಟ್ಸಾಪ್‌ದಾಗ ಬಂದ ಫೋಟೊ ಕುಗ್ಗಿಸಿದ್ದಿರ್ತದ, ಯಾರ ಮೊಬೈಲ್‌ದಾಗ ತೆಗೆದಿದ್ರೋ ಅವರ ಮೊಬೈಲ್‌ದಿಂದನೇ ತಗೋರಿ.

ಈಗ ಮುಖ್ಯ ಮಾತು. ಎರಡು ಡಿಸ್ಕಿನ ನ್ಯಾಸ್‌ದಾಗ ರೇಡ್ 1 ಅಂತ ಮಾಡಿದ್ರ ಒಂದರಾಗ ಬರೆದದ್ದು ಇನ್ನೊಂದರಾಗೂ ಬರೀತದ, 4 ಟಿಬಿದು ಎರಡು ಹಾಕಿದ್ರೂ ಸಿಗೋದು 4 ಟಿಬಿನೇ, ವಿಂಡೋಸ್‌ದಾಗ 3.6 ಅಂತ ತೋರಿಸ್ತದ, ಅದಕ್ಕ ಅಂಗಡ್ಯಾವ್ನ ಕೂಡ ಜಗಳ ಬ್ಯಾಡ. ಇದನ್ನ ನೋಡಿ ಮಂದಿ ಎರಡು ಕಾಪಿ ಆತಲ್ಲ ಅಂತ ಆರಾಮ್ ಕುಂದರ್ತಾರ. ಅಲ್ರಿ, ಒಂದು ಡಿಸ್ಕ್ ಕೆಟ್ರ ಇನ್ನೊಂದು ಕೆಲಸ ಮಾಡ್ತದ ಖರೆ, ಆದ್ರ ಹುಡುಗ ಆಟ ಆಡ್ತಾ ಒಂದು ಫೋಲ್ಡರ್ ಡಿಲೀಟ್ ಮಾಡಿದ ಅಂದ್ರ ಎರಡರಾಗೂ ಅದೇ ಕ್ಷಣ ಹೋಗ್ತದ, ಕಳ್ಳ ಬಂದ್ರ ಡಬ್ಬಿನೇ ಎತ್ಕೊಂಡು ಹೋಗ್ತಾನ, ವೈರಸ್ ಬಡಿದ್ರ ಎರಡಕ್ಕೂ ಬೀಗ. ಅದಕ್ಕ ಮೂರನೇದೊಂದು ಯುಎಸ್‌ಬಿ ಡಿಸ್ಕ್ ಬೇಕು, ಅದರಾಗ ಕಾಪಿ ಮಾಡಿ ಸಿಂಧನೂರಾಗೋ ಲಿಂಗಸುಗೂರಾಗೋ ಅಕ್ಕನ ಮನಿ ಇದ್ರ ಅಲ್ಲಿಡ್ರಿ. ಅಂಥವು ಎರಡು ಇದ್ರ ಇನ್ನೂ ಚಲೋ, ಉಗಾದಿಗೆ ಹೋದಾಗ ಹೊಸಾದು ಕೊಟ್ಟು ಹಳೇದು ತರಬಹುದು. ರೊಕ್ಕ ಕಮ್ಮಿ ಇದ್ರ ನನ್ನ ಕೇಳಿದ್ರ ಒಂದೇ ಡಿಸ್ಕಿನ ನ್ಯಾಸ್ ತಗೋರಿ, ಉಳಿದ ರೊಕ್ಕದಾಗ ಈ ಹೊರಗಿನ ಡಿಸ್ಕ್ ತಗೋರಿ ಅಂತೀನಿ.

ಕರೆಂಟು ಮತ್ತ ಬಿಸಿಲು. ಶಕ್ತಿನಗರದಾಗ ಅಷ್ಟು ದೊಡ್ಡ ಥರ್ಮಲ್ ಸ್ಟೇಷನ್ ನಮ್ಮ ಬಗಲಾಗೇ ಇದ್ರೂ ಕರೆಂಟ್ ಹೋಗೋದು ತಪ್ಪಿಲ್ಲ. ಬರೆಯೋ ಹೊತ್ತಿನ್ಯಾಗ ಫಟ್ ಅಂತ ಬಂದ್ ಆದ್ರ ಫೈಲ್ ಕೆಡಬಹುದು, ಅದಕ್ಕ ಸಣ್ಣ ಯುಪಿಎಸ್ ಇರ್ಲಿ, ಯುಎಸ್‌ಬಿ ಕೇಬಲ್ ಇರೋ ಯುಪಿಎಸ್ ಆದ್ರ ಬ್ಯಾಟರಿ ಮುಗಿಯೋ ಮುಂಚೆ ನ್ಯಾಸ್ ತಾನೇ ಶಟ್‌ಡೌನ್ ಆಗ್ತದ. ಮನಿ ಇನ್ವರ್ಟರ್ ಮ್ಯಾಗೇ ನಡೆಸ್ತೀವಿ ಅನ್ನೋರು ಅದನ್ನ ಯುಪಿಎಸ್ ಮೋಡ್‌ಗೆ ಹಾಕ್ರಿ, ಅದರಾಗ ಕರೆಂಟ್ ಹೋದ ಕೂಡ್ಲೇ ಬ್ಯಾಟರಿಗೆ ಜಲ್ದಿ ಬದಲಾಗ್ತದ. ಬಿಲ್ಲಿನ ಅಂಜಿಕಿ ಬ್ಯಾಡ, 20 ವ್ಯಾಟ್ ಎಳೀತದ ಅಂತ ಹಿಡಿದ್ರ ತಿಂಗಳಿಗೆ ಸುಮಾರು 14-15 ಯೂನಿಟ್ಟು, ಗೃಹಜ್ಯೋತಿ ಅಂಚಿನ್ಯಾಗ ಇರೋರು ಮಾತ್ರ ನೋಡ್ಕೋರಿ. ಏಪ್ರಿಲ್ ಮೇದಾಗ ಇಲ್ಲಿ 40 ಡಿಗ್ರಿ ದಾಟ್ತದ, ಬಾಗಿಲು ಮುಚ್ಚಿದ ಶೋಕೇಸ್‌ದಾಗ ಅದನ್ನ ತುರುಕಬ್ಯಾಡ್ರಿ, ಗಾಳಿ ಆಡಬೇಕು, ಫ್ಯಾನಿನ ಧೂಳು ಆಗಾಗ ಒರೆಸಬೇಕು.

ರೂಟರ್‌ದು ಲ್ಯಾನ್ ಪೋರ್ಟ್ (ವೈರ್ ಹಚ್ಚೋ ಜಾಗ) ಗಿಗಾಬಿಟ್ ಅದನೋ 100 ಎಂಬಿಪಿಎಸ್ಸೋ ಕೇಳ್ರಿ. 100ರದ್ದಾದ್ರ ಒಂದು ಟಿಬಿ ಹಾಕ್ಲಿಕ್ಕ ಒಂದು ದಿನಕ್ಕಿಂತ ಜಾಸ್ತಿ ಹಿಡೀತದ, ಗಿಗಾಬಿಟ್ ಆದ್ರ ಎರಡೂವರೆ ತಾಸು, ಮೂರು ತಾಸು. ಊರ ಹೊರಗಿಂದ ನೋಡಬೇಕು ಅಂತ ರೂಟರ್ ಸೆಟಿಂಗ್‌ದಾಗ ಪೋರ್ಟ್ ತೆರೆದು ನ್ಯಾಸನ್ನ ಸೀದಾ ಇಂಟರ್‌ನೆಟ್‌ಗೆ ಬಿಡಬ್ಯಾಡ್ರಿ, ನಿಮ್ಮ ಮೊಬೈಲು ಲ್ಯಾಪ್‌ಟಾಪಿಗಷ್ಟೇ ದಾರಿ ಬಿಡೋ ಟೇಲ್‌ಸ್ಕೇಲ್‌ನಂಥ ವಿಪಿಎನ್ ಆ್ಯಪ್ ಹಾಕ್ಕೊಂಡ್ರ ಸಾಕು.

ಎಲ್ಲಾ ಜೋಡಿಸಿದ ಮ್ಯಾಗ ಒಂದು ಪರೀಕ್ಷೆ ಮಾಡ್ರಿ. ನ್ಯಾಸ್ ಬಂದ್ ಮಾಡಿ, ಬರೇ ಆ ಹೊರಗಿನ ಡಿಸ್ಕನ್ನ ಲ್ಯಾಪ್‌ಟಾಪ್‌ಗೆ ಹಚ್ಚಿ ಹತ್ತಾರು ಫೋಟೊ, ಒಂದೆರಡು ವಿಡಿಯೊ ತೆರೆದು ನೋಡ್ರಿ. ಕಾಪಿ ಮಾಡೋ ಮುಂಚೇನೇ ಆ ಡಿಸ್ಕನ್ನ ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್ ಮಾಡಿಟ್ಟಿದ್ರ ವಿಂಡೋಸ್‌ದಾಗ ಸೀದಾ ತೆರೀತದ. ಮತ್ತ ಪಾಸ್‌ವರ್ಡು ನಿಮ್ಮ ತಲ್ಯಾಗಷ್ಟೇ ಇಟ್ಕೋಬ್ಯಾಡ್ರಿ, ರೇಷನ್ ಕಾರ್ಡು ಗ್ಯಾಸ್ ಬುಕ್ಕು ಇಡೋ ಫೈಲಿನ್ಯಾಗ ಬರೆದಿಟ್ಟು ಮನ್ಯಾಗ ಇನ್ನೊಬ್ರಿಗೆ ಹೇಳ್ರಿ.