ಹೊಗೆ ಕಂಡಲ್ಲೇ ಊರು: ಕ್ಯಾನ್ಸಸ್‌ನ ನಿಕೋಡೀಮಸ್ ಹುಟ್ಟಿ ಬೆಳೆದ ಕಥೆ

[ಪರದೆ: ಅಮೆರಿಕದ ನಕ್ಷೆ. ಕೆಂಟಕಿಯಿಂದ ಕ್ಯಾನ್ಸಸ್‌ಗೆ ಎಳೆಯುತ್ತಾ ಹೋಗುವ ಗೆರೆ.]

ನಮಸ್ಕಾರ ಸ್ನೇಹಿತರೇ. 1877ನೇ ಇಸವಿ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಒಂದು ಕರಪತ್ರ ಕೈಯಿಂದ ಕೈಗೆ ದಾಟುತ್ತಿದೆ. ಕ್ಯಾನ್ಸಸ್‌ನಲ್ಲಿ ಕಪ್ಪು ಜನರಿಗಾಗಿ ಒಂದು ಹೊಸ ಊರು ಏಳುತ್ತಿದೆ, 5 ಡಾಲರ್ ಕೊಟ್ಟರೆ ಊರಲ್ಲಿ ನಿಮ್ಮದೇ ಒಂದು ಸೈಟು, ಅಂತ ಅದರಲ್ಲಿ ಬರೆದಿದೆ. ಊರಿನ ಹೆಸರು ನಿಕೋಡೀಮಸ್.

ಆ ಊರು ಇನ್ನೂ ಇರಲಿಲ್ಲ. ನಕ್ಷೆ ಇತ್ತು, ಕಂಪನಿ ಇತ್ತು, ಕರಪತ್ರ ಇತ್ತು. ಆಗ ಪಶ್ಚಿಮದ ಬಯಲಲ್ಲಿ ಊರುಗಳು ಹುಟ್ಟುತ್ತಿದ್ದದ್ದೇ ಹೀಗೆ. ಮೊದಲು ಕಾಗದದ ಮೇಲೆ ಬೀದಿ ಎಳೆದು ಮಾರುತ್ತಿದ್ದರು, ಜನ ಆಮೇಲೆ ಬರುತ್ತಿದ್ದರು. ಇಲ್ಲಿ ಆ ಕೆಲಸಕ್ಕೆ ಕೈ ಹಾಕಿದವರು ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ ಭೂವ್ಯಾಪಾರಿ ಮತ್ತು ಡಬ್ಲ್ಯೂ. ಎಚ್. ಸ್ಮಿತ್ ಎಂಬ ಕಪ್ಪು ಮುಂದಾಳು. ಪಾದ್ರಿ ಸೈಮನ್ ರೌಂಡ್‌ಟ್ರೀ ಜೂನ್‌ನಲ್ಲೇ ಬಂದು ನೆಲೆಸಿದರು.

ಹಾಗಾದರೆ ಜನ ಯಾಕೆ ನಂಬಿದರು? ಕೆಂಟಕಿಯಲ್ಲಿ 1865ರ ಕೊನೆಯವರೆಗೂ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಅಂದರೆ ಈ ಕರಪತ್ರ ಓದಿದವರಲ್ಲಿ ಎಷ್ಟೋ ಜನ ಕೇವಲ 12 ವರ್ಷಗಳ ಹಿಂದೆ ಬೇರೆಯವರ ಆಸ್ತಿಯಾಗಿದ್ದವರು. ಬಿಡುಗಡೆ ಸಿಕ್ಕಿತು, ನೆಲ ಸಿಗಲಿಲ್ಲ. ಹಳೇ ಧಣಿಗಳ ಹೊಲದಲ್ಲೇ ಮತ್ತೆ ದುಡಿಮೆ. ಅದೇ 1877ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಕಾವಲಿಗಿದ್ದ ಕೇಂದ್ರ ಸರ್ಕಾರದ ಸೈನ್ಯವನ್ನೂ ವಾಪಸ್ ಕರೆಸಿಕೊಂಡರು. ಹಲ್ಲೆ, ಬೆದರಿಕೆ ಜಾಸ್ತಿಯಾದವು. ಇಂಥ ಹೊತ್ತಲ್ಲಿ ಕ್ಯಾನ್ಸಸ್ ಅನ್ನೋ ಹೆಸರಿಗೇ ಒಂದು ತೂಕ ಇತ್ತು. ಗುಲಾಮಗಿರಿ ಬೇಡ ಅಂತ ರಕ್ತ ಹರಿಸಿ, 1861ರಲ್ಲಿ ಮುಕ್ತ ರಾಜ್ಯವಾಗಿ ಒಕ್ಕೂಟ ಸೇರಿದ ನೆಲ ಅದು.

ಜೊತೆಗೆ 1862ರ ಹೋಮ್‌ಸ್ಟೆಡ್ ಕಾಯ್ದೆ. ಸಣ್ಣ ಶುಲ್ಕ ಕಟ್ಟಿ 160 ಎಕರೆ ಗುರುತು ಹಾಕಿಸಿಕೊಳ್ಳಬೇಕು, ಅಲ್ಲೇ ಮನೆ ಕಟ್ಟಿ 5 ವರ್ಷ ಉತ್ತು ಬೆಳೆಯಬೇಕು. ಆಮೇಲೆ ಆ ಹೊಲದ ಪಟ್ಟಾ ನಿಮ್ಮ ಹೆಸರಿಗೆ. ಜೀವನವಿಡೀ ಇನ್ನೊಬ್ಬರ ಹೊಲ ಉತ್ತವರಿಗೆ ಇದು ಎಂಥ ಮಾತು ಅಂತ ಯೋಚಿಸಿ.

[ಪರದೆ: ಮರವೇ ಇಲ್ಲದ ಹುಲ್ಲು ಬಯಲು. ಗಾಳಿಯ ಸದ್ದು.]

ಸೆಪ್ಟೆಂಬರ್‌ನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ ಕಡೆಯಿಂದ 300ಕ್ಕೂ ಹೆಚ್ಚು ಜನರ ದೊಡ್ಡ ಗುಂಪು ಹೊರಟಿತು. ರೈಲು ಎಲ್ಲಿಸ್ ಎಂಬ ಊರಿನವರೆಗೆ ಮಾತ್ರ. ಅಲ್ಲಿಂದ ಉತ್ತರಕ್ಕೆ 50 ಕಿಲೋಮೀಟರಿಗೂ ಜಾಸ್ತಿ ನಡಿಗೆ, ಮಕ್ಕಳುಮರಿ ಗಂಟುಮೂಟೆ ಸಮೇತ.

ಮರುವರ್ಷದ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಹೆಣ್ಣುಮಗಳು ತಾವು ಊರು ಕಂಡ ಆ ಘಳಿಗೆಯನ್ನು ಎಷ್ಟೋ ದಶಕಗಳ ನಂತರ ನೆನಪಿಸಿಕೊಂಡಿದ್ದಾರೆ. ನಡೆದು ನಡೆದು ಸುಸ್ತಾಗಿದ್ದಾರೆ. ಜೊತೆಯ ಗಂಡಸರು 'ನಿಕೋಡೀಮಸ್ ಬಂತು' ಅಂತ ಕೂಗುತ್ತಾರೆ. ಇವರು ಸುತ್ತ ನೋಡುತ್ತಾರೆ, ಒಂದು ಮನೆಯೂ ಕಾಣುವುದಿಲ್ಲ. ಎಲ್ಲಿದೆ ಊರು ಅಂತ ಕೇಳಿದರೆ, ಗಂಡ ನೆಲದಿಂದ ಏಳುತ್ತಿದ್ದ ಹೊಗೆಯ ಕಡೆ ಕೈ ತೋರಿಸುತ್ತಾರೆ. ಅದೇ ಊರು. ವಿಲಿಯಾನಾ ಅಲ್ಲೇ ಅತ್ತುಬಿಟ್ಟರಂತೆ.

ನೆಲದಿಂದ ಹೊಗೆ ಯಾಕೆ? ಬಯಲಲ್ಲಿ ಮರ ಇಲ್ಲ, ಮನೆಗೆ ಮರಮುಟ್ಟು ಎಲ್ಲಿಂದ ಬರಬೇಕು? ಹಾಗಾಗಿ ದಿಬ್ಬದ ಪಕ್ಕ ನೆಲ ತೋಡಿ ಒಳಗೇ ವಾಸ. ನಮ್ಮ ಉತ್ತರ ಕರ್ನಾಟಕದ ಕಡೆ ಜೋಳ ತುಂಬಿಡುತ್ತಿದ್ದ ಹಗೇವು ನೋಡಿದವರಿಗೆ ಅಂದಾಜು ಸಿಗುತ್ತದೆ, ಅದರೊಳಗೆ ಒಂದು ಸಂಸಾರ ಇದೆ ಅಂದುಕೊಳ್ಳಿ. ಹೊಳೆಯ ಕಡೆಯಿಂದ ತಂದ ಒಂದಷ್ಟು ಗಳುಗಳನ್ನು ಮೇಲೆ ಅಡ್ಡ ಹಾಕಿ, ಅದರ ಮೇಲೆ ಸೊಪ್ಪುಸದೆ, ಬೇರು ಸಮೇತ ಕತ್ತರಿಸಿದ ಹುಲ್ಲುಹೆಂಟೆ, ಮಣ್ಣು. ಒಂದು ಮೂಲೆಯಲ್ಲಿ ಒಲೆ. ಉರಿಸಲು ಕಟ್ಟಿಗೆಯ ಬದಲು ಸೂರ್ಯಕಾಂತಿಯ ಒಣ ದಂಟು, ಕಾಡೆಮ್ಮೆಯ ಒಣ ಸಗಣಿ. ಇಂಥದ್ದೇ ಒಂದು ಗೂಡಲ್ಲಿ 1877ರಲ್ಲೇ ಎಮ್ಮಾ ವಿಲಿಯಮ್ಸ್ ಎಂಬಾಕೆಗೆ ಹೆರಿಗೆಯಾಯಿತು. ಊರಲ್ಲಿ ಹುಟ್ಟಿದ ಮೊದಲ ಮಗು ಆ ಹೆನ್ರಿ.

ಕರಪತ್ರ ನಂಬಿ ಬಂದವರಿಗೆ ಸಿಟ್ಟು ಬರದೇ ಇರುತ್ತದೆಯೇ? ಹಿಲ್ ಮೇಲೆ ಜನ ತಿರುಗಿಬಿದ್ದರು. ಸುಮಾರು 60 ಕುಟುಂಬಗಳು ಬಂದ ದಾರಿಯಲ್ಲೇ ವಾಪಸ್ ಹೋದವು. ಅವರನ್ನು ತಪ್ಪು ಅನ್ನೋದಕ್ಕೆ ನನಗಂತೂ ಮನಸ್ಸು ಬರುವುದಿಲ್ಲ.

ಉಳಿದವರಿಗೆ ಮೊದಲ ಚಳಿಗಾಲವೇ ದೊಡ್ಡ ಪರೀಕ್ಷೆ. ಬಿತ್ತನೆಯ ಕಾಲ ಮುಗಿದ ಮೇಲೆ ಬಂದವರು, ಕಾಳಿಲ್ಲ ಕಡ್ಡಿಯಿಲ್ಲ. ಆಗ ಬೇಟೆ ಮುಗಿಸಿ ಹೋಗುತ್ತಿದ್ದ ಒಸೇಜ್ ಎಂಬ ಮೂಲನಿವಾಸಿ ಜನ ತಮ್ಮ ಪಾಲಿನ ಮಾಂಸ ಹಂಚಿದರು ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ಈ ಒಸೇಜರು ಯಾರು ಗೊತ್ತೇ? ಕ್ಯಾನ್ಸಸ್‌ನಲ್ಲಿದ್ದ ಅವರ ನೆಲವನ್ನು ಸರ್ಕಾರ ಕಿತ್ತುಕೊಂಡು, ಕೆಲವೇ ವರ್ಷಗಳ ಹಿಂದೆ ಅವರನ್ನು ದಕ್ಷಿಣಕ್ಕೆ ಸಾಗಹಾಕಿತ್ತು. ಹೋಮ್‌ಸ್ಟೆಡ್ ಕಾಯ್ದೆ 'ಖಾಲಿ' ಅಂತ ಹಂಚಿದ ನೆಲ ಯಾವತ್ತೂ ಖಾಲಿ ಇರಲಿಲ್ಲ. ಮಿಡ್‌ವೆಸ್ಟ್‌ನ ಯಾವ ಊರಿನ ಕಥೆ ಹೇಳಿದರೂ ಈ ಮಾತು ಬಿಟ್ಟು ಹೇಳಬಾರದು.

[ಪರದೆ: ಗುದ್ದಲಿ, ಹಾರೆ. ನಂತರ ಗೋಧಿ ಹೊಲ.]

ಇನ್ನು ಬೇಸಾಯ. ಶತಮಾನಗಳಿಂದ ಹುಲ್ಲಿನ ಬೇರು ಹೆಣೆದುಕೊಂಡ ಬಯಲು ಅದು. ಗಟ್ಟಿ ನೇಗಿಲು, ಒಳ್ಳೆ ಜೋಡಿ ಕುದುರೆ ಇದ್ದರೂ ಮೊದಲ ಉಳುಮೆ ಕಷ್ಟ. ಇಡೀ ಊರಿಗೆ ಕುದುರೆಗಳು ಬೆರಳೆಣಿಕೆಯಷ್ಟು. ಹೆಚ್ಚಿನವರು ಗುದ್ದಲಿಯಲ್ಲೇ ಅಗೆದು ಬಿತ್ತಿದರು. ಗಂಡಸರು ಎಲ್ಲಿಸ್ ಕಡೆಗೆ ಕೂಲಿಗೆ ಹೋಗಿ ಬಂದ ದುಡ್ಡಲ್ಲಿ ಬೀಜ ತಂದರು. ಬಯಲಲ್ಲಿ ಬಿದ್ದಿದ್ದ ಕಾಡೆಮ್ಮೆಯ ಮೂಳೆ ಆಯ್ದು ಗೊಬ್ಬರಕ್ಕೆ ಮಾರಿದರು.

ಆಮೇಲೆ ಊರು ಮೇಲೆದ್ದ ಬಗೆ ನೋಡಿ. ಜಕಾರಿ ಫ್ಲೆಚರ್, ಅವರ ಹೆಂಡತಿ ಜೆನಿ ಇಬ್ಬರೂ ಸೇರಿ ಅಂಚೆ ಕಚೇರಿ ನಡೆಸಿದರು. ಜೆನಿ ಮೇಡಂ ಮಕ್ಕಳಿಗೆ ಪಾಠ ಹೇಳಿದ್ದು ನೆಲದೊಳಗಿನ ತಮ್ಮ ಮನೆಯಲ್ಲೇ. 1880ರಲ್ಲಿ ಜಕಾರಿ ಸೇಂಟ್ ಫ್ರಾನ್ಸಿಸ್ ಹೋಟೆಲ್ ತೆರೆದರು. ಆ ಕಟ್ಟಡ ಇವತ್ತಿಗೂ ನಿಂತಿದೆ. ಸುಣ್ಣಕಲ್ಲಿನ ಮನೆಗಳು, ಚರ್ಚುಗಳು, ಅಂಗಡಿಗಳು, ಬ್ಯಾಂಕು, ಬೇಸ್‌ಬಾಲ್ ತಂಡ ಎಲ್ಲ ಬಂದವು. ವೆಸ್ಟರ್ನ್ ಸೈಕ್ಲೋನ್, ನಿಕೋಡೀಮಸ್ ಎಂಟರ್‌ಪ್ರೈಸ್ ಅಂತ ಎರಡು ಪತ್ರಿಕೆ ಬೇರೆ! 1878ರಲ್ಲಿ ಇಲ್ಲಿಗೆ ಬಂದಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಕ್ಯಾನ್ಸಸ್‌ನ ರಾಜ್ಯ ಲೆಕ್ಕಪರಿಶೋಧಕರಾಗಿ ಚುನಾವಣೆಯಲ್ಲಿ ಗೆದ್ದರು. ಆ ರಾಜ್ಯದಲ್ಲಿ ಅಂಥ ಹುದ್ದೆಗೆ ಗೆದ್ದ ಮೊದಲ ಕಪ್ಪು ವ್ಯಕ್ತಿ ಅವರು.

ಒಂದೇ ಒಂದು ಕೊರತೆ: ರೈಲು. ಬೆಳೆದ ಗೋಧಿ ಪೇಟೆ ಸೇರಬೇಕಲ್ವಾ? ಗಾಡಿಯಲ್ಲಿ ಅಷ್ಟು ದೂರ ಸಾಗಿಸಿದರೆ ಲಾಭವೆಲ್ಲ ದಾರಿಯಲ್ಲೇ ಕರಗುತ್ತದೆ. ಆಗಿನ ಕಂಪನಿಗಳು ಊರೂರನ್ನು ಪೈಪೋಟಿಗೆ ಹಚ್ಚಿ, 'ದುಡ್ಡು ಹೊಂದಿಸಿ, ಹಳಿ ತರುತ್ತೇವೆ' ಅನ್ನುತ್ತಿದ್ದವು. 1887ರಲ್ಲಿ ನಿಕೋಡೀಮಸ್ ಜನ ಮಿಸೌರಿ ಪೆಸಿಫಿಕ್ ಕಂಪನಿಗಾಗಿ 16,000 ಡಾಲರ್ ಬಾಂಡಿಗೆ, ಅಂದರೆ ಊರಿನ ಹೆಸರಲ್ಲಿ ಸಾಲ ಎತ್ತುವುದಕ್ಕೆ, ಮತ ಹಾಕಿದರು. ಹತ್ತು ವರ್ಷದ ಹಿಂದೆ ಬರಿಗೈಯಲ್ಲಿ ಬಂದವರು! ಆ ರೈಲು ಬರಲೇ ಇಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ಸಾಲೊಮನ್ ಹೊಳೆಯ ಆಚೆ ದಡದಲ್ಲಿ, ಕೆಲವೇ ಮೈಲಿ ದೂರದಲ್ಲಿ. ಅಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು. ಅಂಗಡಿಗಳು ಒಂದೊಂದಾಗಿ ಹೊಳೆ ದಾಟಿದವು. ಸೈಕ್ಲೋನ್ ಪತ್ರಿಕೆಯೂ ನಿಂತಿತು.

ಊರು ಸೊರಗಿದ್ದಕ್ಕೆ ಬರಗಾಲ, ಬಡತನ ಅಂತ ಸುಮ್ನೆ ಕಾರಣ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬರವನ್ನು ಈ ಜನ ಗುದ್ದಲಿ ಹಿಡಿದು ಎದುರಿಸಿದ್ದರು. ಎಲ್ಲೋ ಕುಳಿತು ಯಾರೋ ಎಳೆದ ಹಳಿಯ ಗೆರೆಗೆ ಮಾತ್ರ ಅವರ ಹತ್ತಿರ ಉತ್ತರ ಇರಲಿಲ್ಲ. 1930ರ ದಶಕದ ದೂಳುಬಿರುಗಾಳಿ ಬಂದದ್ದು ಆಮೇಲೆ. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಆದರೂ ಹೊಲಗಳು ಉಳಿದವು. ಮೊದಲು ಬಂದವರ ವಂಶದ ಕೆಲವರು ಅಲ್ಲಿ ಇನ್ನೂ ಬೇಸಾಯ ಮಾಡುತ್ತಾರೆ. 1996ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣವಾಗಿ ಘೋಷಿಸಿತು. ವರ್ಷಪೂರ್ತಿ ಅಲ್ಲಿ ಇರುವವರು ಕೆಲವೇ ಜನ. ಜುಲೈ ಕೊನೆಗೆ ನಡೆಯುವ ಊರ ಹಬ್ಬಕ್ಕೆ ಮಾತ್ರ ಎಲ್ಲೆಲ್ಲಿಂದಲೋ ಮಕ್ಕಳು, ಮೊಮ್ಮಕ್ಕಳು ಬಂದು ಸೇರುತ್ತಾರೆ.

[ಪರದೆ: ಹೆದ್ದಾರಿ ನಕ್ಷೆ.]

ಕ್ಯಾನ್ಸಸ್ ಸಿಟಿಯಿಂದ ಡೆನ್ವರ್ ಕಡೆಗೆ 70ನೇ ಹೆದ್ದಾರಿಯಲ್ಲಿ ಕಾರು ಓಡಿಸುವ ಕನ್ನಡಿಗರು ನೀವಾಗಿದ್ದರೆ, ಅದೇ ಎಲ್ಲಿಸ್ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಉತ್ತರಕ್ಕೆ ತಿರುಗಿ. 24ನೇ ಹೆದ್ದಾರಿಯ ಪಕ್ಕದಲ್ಲೇ ನಿಕೋಡೀಮಸ್ ಇದೆ. ಹೋಗಿ ಬಂದವರು ಕಾಮೆಂಟಲ್ಲಿ ಬರೆಯಿರಿ, ಓದುತ್ತೇನೆ.