ಡ್ಯಾನ್ಯೂಬಿನ ನೀರು ಕುಡಿಯುವ ಆಖ್

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯ ನೈಋತ್ಯ ಮೂಲೆಯಲ್ಲಿ ಆಖ್ ಎಂಬ ಪುಟ್ಟ ಊರಿದೆ. ಊರಿನ ಇಳಿಜಾರಿನ ಬುಡದಲ್ಲಿ, ಮರಗಳ ನಡುವೆ ಒಂದು ಹಸಿರು ಮಡು. ಆಳ ಸುಮಾರು 18 ಮೀಟರ್. ಮೇಲಿನಿಂದ ಯಾವ ಹಳ್ಳವೂ ಬಂದು ಅದಕ್ಕೆ ಸೇರುವುದಿಲ್ಲ. ಆದರೂ ತಳದಿಂದ ಸೆಕೆಂಡಿಗೆ ಸರಾಸರಿ 8,000 ಲೀಟರಿಗೂ ಮಿಕ್ಕಿ ನೀರು ಉಕ್ಕುತ್ತದೆ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ಟ್ಯಾಂಕರನ್ನು ಅಲ್ಲಿ ಹಿಡಿದರೆ ಒಂದೇ ಸೆಕೆಂಡಿನಲ್ಲಿ ತುಂಬಿ ಚೆಲ್ಲೀತು! ಜರ್ಮನಿಯಲ್ಲೇ ಅತಿ ಹೆಚ್ಚು ನೀರು ಕೊಡುವ ಈ ಬುಗ್ಗೆಗೆ ಜನ ಇಟ್ಟ ಹೆಸರು ಆಖ್‌ಟಾಪ್ಫ್, ಅಂದರೆ ಆಖ್ ಗಡಿಗೆ.

ಇಲ್ಲಿ ಹುಟ್ಟುವ ಹೊಳೆಯ ಹೆಸರು ರಾಡಾಲ್ಫ್‌ಸೆಲ್ ಆಖ್. ಉದ್ದ ಬರೀ 32 ಕಿಲೋಮೀಟರ್. ಹಳೆಯ ಜ್ವಾಲಾಮುಖಿಗಳ ಗುಡ್ಡಗಳಿರುವ ಹೇಗೌ ಸೀಮೆಯಲ್ಲಿ ಹರಿದು, ಸಿಂಗನ್ ಪಟ್ಟಣವನ್ನು ಹಾದು, ಕಾನ್‌ಸ್ಟನ್ಸ್ ಸರೋವರಕ್ಕೆ ಬೀಳುತ್ತದೆ. ಅಲ್ಲಿಂದ ರೈನ್ ನದಿ, ಆಮೇಲೆ ಉತ್ತರ ಸಮುದ್ರ.

ಹಾಗಾದರೆ ಗಡಿಗೆಗೆ ನೀರು ತುಂಬುವವರು ಯಾರು? ಉತ್ತರಕ್ಕೆ 12 ಕಿಲೋಮೀಟರ್ ದೂರದಲ್ಲಿ ಇಮ್ಮೆಂಡಿಂಗನ್ ಎಂಬಲ್ಲಿ ಡ್ಯಾನ್ಯೂಬ್ ಹರಿಯುತ್ತದೆ. ಅದರ ಹಾಸು ಸುಣ್ಣಕಲ್ಲು. ತುಂಬ ಬಿರುಕು, ಬಿಲ. ದಂಡೆಯಂಚಿನಲ್ಲಿ ನೀರು ಸುಳಿ ತಿರುಗಿ ಗುಳುಗುಳು ಎನ್ನುತ್ತ ಒಳಗಿಳಿಯುವುದನ್ನು ಕಣ್ಣಾರೆ ನೋಡಬಹುದು. ಮಳೆ ಕಡಿಮೆಯಾದರಂತೂ ನದಿಯೇ ಪೂರ್ತಿ ಮಾಯ. ಯುರೋಪಿನ ಎರಡನೆಯ ಅತಿ ಉದ್ದದ ನದಿಯನ್ನು ಆಗ ಚಪ್ಪಲಿ ನೆನೆಯದಂತೆ ಉರುಟುಕಲ್ಲುಗಳ ಮೇಲೆ ದಾಟಬಹುದು. ಕೆಳಗಡೆ ಟುಟ್ಲಿಂಗನ್ ಕಡೆಯಿಂದ ಬರುವ ಹಳ್ಳಗಳು ಸೇರಿ ಮತ್ತೆ ಡ್ಯಾನ್ಯೂಬ್ ಎನ್ನಿಸಿಕೊಳ್ಳುತ್ತದೆ.

ಆ ನೀರೇ ಈ ನೀರು ಎಂದು ಜನ ಮೊದಲೇ ಊಹಿಸಿದ್ದರು. ಸಾಬೀತಾದದ್ದು 1877ರ ಅಕ್ಟೋಬರಿನಲ್ಲಿ. ಭೂವಿಜ್ಞಾನಿ ಅಡಾಲ್ಫ್ ಕ್ನೋಪ್ ಡ್ಯಾನ್ಯೂಬಿನ ಬಿಲಗಳಿಗೆ ಟನ್ನುಗಟ್ಟಲೆ ಉಪ್ಪು, ಕಲ್ಲೆಣ್ಣೆ, ಜೊತೆಗೆ 10 ಕಿಲೋ ಫ್ಲೋರೆಸೀನ್ ಬಣ್ಣ ಸುರಿಸಿದರು. ಸುಮಾರು 60 ಗಂಟೆಗಳ ಮೇಲೆ ಆಖ್ ಗಡಿಗೆಯಲ್ಲಿ ಹೊಳೆಹೊಳೆವ ಹಸಿರು ನೀರು ಉಕ್ಕಿತು, ಅದೂ ಉಪ್ಪುಪ್ಪಾಗಿ. ರುಚಿ ನೋಡಿದವರ ಧೈರ್ಯ ಮೆಚ್ಚಬೇಕು.

ಪ್ರಯೋಗದ ಹಿಂದೆ ಜಗಳವಿತ್ತು. ಟುಟ್ಲಿಂಗನ್ ಕಡೆಯವರಿಗೆ ಬಿಲ ಮುಚ್ಚುವ ಆಸೆ; ಆಖ್ ದಂಡೆಯ ಗಿರಣಿಯವರಿಗೆ ಚಕ್ರ ನಿಂತೀತೆಂಬ ದಿಗಿಲು. ಇಂಥದ್ದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಟುಟ್ಲಿಂಗನ್ನಿನ ಕಡೆಯ ವ್ಯೂರ್ಟೆಂಬರ್ಗ್ ಮತ್ತು ಆಖ್ ಕಡೆಯ ಬಾಡೆನ್ ರಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದವು. 1927ರ ತೀರ್ಪಿನ ಸಾರ ಇಷ್ಟೆ: ತಾನಾಗಿ ಇಂಗುವ ನೀರನ್ನು ಸಹಿಸಿಕೊಳ್ಳಿ, ಇಂಗುವುದನ್ನು ಕೈಹಾಕಿ ಹೆಚ್ಚಿಸುವುದೂ ಬೇಡ, ತಗ್ಗಿಸುವುದೂ ಬೇಡ.

ಸುಣ್ಣಕಲ್ಲು ಮಾತ್ರ ಕರಗುತ್ತಲೇ ಇದೆ, ಬಿಲಗಳು ಹಿಗ್ಗುತ್ತಲೇ ಇವೆ. ಆಖ್ ಬುಗ್ಗೆ ಇಮ್ಮೆಂಡಿಂಗನ್ನಿಗಿಂತ 150 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ, ನೀರಿಗೆ ಇನ್ನೇನು ಬೇಕು?

ಇಮ್ಮೆಂಡಿಂಗನ್ನಿಗೂ ಮೇಲೆ, ಡೊನೌಎಶಿಂಗನ್ನಿನ ಅರಮನೆಯ ಪಕ್ಕದಲ್ಲಿ, ಡ್ಯಾನ್ಯೂಬಿನ ಮೂಲವೆಂದು ಕಲ್ಲಿನಲ್ಲಿ ಕಟ್ಟಿದ ಕೊಳವಿದೆ. ಸಮುದ್ರಕ್ಕೆ 2,840 ಕಿಲೋಮೀಟರ್ ಎಂದು ಅಲ್ಲಿ ಕೆತ್ತಿದ್ದಾರೆ. ಅದು ಕಪ್ಪು ಸಮುದ್ರದ ಲೆಕ್ಕ. ಬೇಸಿಗೆಯ ಒಣ ದಿನಗಳಲ್ಲಿ ಆ ಕೊಳದ ನೀರು ಆ ಕಡೆ ಹೋಗುವುದೇ ಇಲ್ಲ.